ಅರವತ್ತೆರಡು ತುಂಬುವವರೆಗೆ

ಪುರಸಭೆಯ ಕಚೇರಿಯಲ್ಲಿ ಗಾಜಿನ ಕಿಟಕಿಯಾಚೆ ಕೂತಿದ್ದ ಹೆಂಗಸು ನನ್ನ ಡ್ರೈವಿಂಗ್ ಲೈಸೆನ್ಸನ್ನು ಎರಡು ಸಲ ತಿರುಗಿಸಿ ನೋಡಿ, "ಕ್ಷಮಿಸಿ, ನಿಮಗಿನ್ನೂ ವಯಸ್ಸು ಸಾಲದು" ಎಂದಳು.

ನನಗೆ ಆಗ ಅರವತ್ತೊಂದು ವರ್ಷ ಐದು ತಿಂಗಳು. ಆ ಮಾತನ್ನು ನನಗೆ ಯಾರಾದರೂ ಹೇಳಿ ನಲವತ್ತು ವರ್ಷವಾದರೂ ಆಗಿತ್ತು. ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಇವರು ಜೋರಾಗಿ ನಕ್ಕುಬಿಟ್ಟರು. ಆ ಹೆಂಗಸೂ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಇನ್ನೂ ಏಳು ತಿಂಗಳು, ಇನ್ನೂ ಏಳು ತಿಂಗಳು ಅಂದುಕೊಂಡೆ.

ನಾವು ಹೋಗಿದ್ದದ್ದು ಡೊಮೆಸ್ಟಿಕ್ ಪಾರ್ಟ್‌ನರ್‌ಶಿಪ್ ನೋಂದಾಯಿಸಲು. ಮದುವೆಯಾಗದೆ ಒಂದೇ ಮನೆಯಲ್ಲಿ ಬದುಕುವ ಇಬ್ಬರು, ತಾವು ಒಬ್ಬರಿಗೊಬ್ಬರು ಆಗುತ್ತೇವೆ ಎಂದು ಸರ್ಕಾರದ ಮುಂದೆ ಬರೆದುಕೊಡುವ ಒಂದು ವ್ಯವಸ್ಥೆ ಅದು. ನದಿಯಾಚೆ ನ್ಯೂಯಾರ್ಕ್ ಸಿಟಿಯಲ್ಲಿ ವಯಸ್ಕರು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು, ಆದರೆ ಅಲ್ಲಿ ವಾಸವಿರಬೇಕು. ನಮ್ಮ ನ್ಯೂಜೆರ್ಸಿಯಲ್ಲಿ ಇಬ್ಬರಿಗೂ ಅರವತ್ತೆರಡು ತುಂಬಿರಬೇಕು. ಇವರಿಗೆ ಅರವತ್ತೇಳು. ಅಡ್ಡ ಬಂದದ್ದು ನನ್ನ ಎಳೆಯ ವಯಸ್ಸು.

ಇವರನ್ನು ನಾನು ಮೊದಲು ಕಂಡದ್ದು ಅದಕ್ಕೆ ನಾಲ್ಕು ವರ್ಷ ಮುಂಚೆ, ಸೀಕಾಕಸ್ ಸ್ಟೇಷನ್ನಿನಲ್ಲಿ. ನಾನು ಮ್ಯಾನ್‌ಹ್ಯಾಟನ್ನಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತೇನೆ, ವಾರಕ್ಕೆ ಮೂರು ದಿನ ರೈಲಿನಲ್ಲಿ ಕಮ್ಯೂಟ್ ಮಾಡುತ್ತೇನೆ. ಅವತ್ತು ಸಂಜೆ ಮೇಲಿನ ಪ್ಲಾಟ್‌ಫಾರ್ಮಿನಲ್ಲಿ ಇಳಿದು ಮೈಸೂರಿನಲ್ಲಿರುವ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಫೋನಿಟ್ಟ ಮೇಲೆ, ಕಂಕುಳಲ್ಲಿ ಪುಸ್ತಕಗಳ ಕಟ್ಟು ಸಿಕ್ಕಿಸಿಕೊಂಡಿದ್ದ ಒಬ್ಬರು ಹತ್ತಿರ ಬಂದು, "ಮೈಸೂರಿನವರೇನ್ರಿ? 'ಹೋಗ್ಲಿ ಬಿಡೇ' ಅಂದ್ರಲ್ಲ, ಅದನ್ನ ಕೇಳಿ ಗೊತ್ತಾತು" ಎಂದರು. ಧಾರವಾಡದವರು. ಕಮ್ಯುನಿಟಿ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಹೆಂಡತಿಯಿಂದ ವಿಚ್ಛೇದನವಾಗಿ ಇಪ್ಪತ್ತು ವರ್ಷವಾಗಿತ್ತು, ಮಗ ಸಿಯಾಟಲ್‌ನಲ್ಲಿದ್ದ. ನನ್ನ ಗಂಡ ತೀರಿಕೊಂಡು ಆಗ ಮೂರು ವರ್ಷ. ಎರಡು ವರ್ಷ ರೈಲಿನಲ್ಲಿ, ಕಾಫಿ ಅಂಗಡಿಯಲ್ಲಿ, ವಾರದ ಕೊನೆಯಲ್ಲಿ ಮಾತಾಡಿದೆವು. ಆಮೇಲೆ ಇವರು ಏಳು ಪೆಟ್ಟಿಗೆ ಪುಸ್ತಕ ಮತ್ತು ಒಂದು ರೊಟ್ಟಿ ಹಂಚಿನ ಸಮೇತ ನನ್ನ ಅಪಾರ್ಟ್‌ಮೆಂಟಿಗೆ ಬಂದರು.

ಒಟ್ಟಿಗೆ ಇರುವುದು ಕಷ್ಟವಾಗಲಿಲ್ಲ. ಒಬ್ಬರನ್ನೊಬ್ಬರು 'ನೀವು' ಅನ್ನುತ್ತಿದ್ದೆವು, ಈಗಲೂ ಹಾಗೇ. ಹೊರಗಿನವರಿಗೆ ಹೇಳುವುದೊಂದೇ ತೊಡಕು. ಕನ್ನಡ ಕೂಟದ ಯುಗಾದಿಯ ಊಟದ ಸಾಲಿನಲ್ಲಿ ಒಬ್ಬ ಆಂಟಿ "ಇವರು ನಿಮ್ಮ...?" ಎಂದು ಮಾತನ್ನು ಅರ್ಧಕ್ಕೇ ಬಿಟ್ಟು ಕಾದರು. ನಾನು "ಇವರು ಧಾರವಾಡದವರು" ಎಂದೆ. ಆ ಉತ್ತರ ಅವರಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಆದರೂ ಕೋಸಂಬರಿ ಬಡಿಸಿಕೊಂಡು ಮುಂದೆ ಹೋದೆವು.

ಹಾಗೇ ಹೋಗುತ್ತಿತ್ತೋ ಏನೋ. ಆ ಕಚೇರಿಗೆ ಹೋಗುವ ಹಿಂದಿನ ತಿಂಗಳು, ಫೆಬ್ರವರಿಯ ಒಂದು ಬೆಳಗ್ಗೆ, ಇವರು ಕಾರಿನ ಮೇಲಿನ ಹಿಮ ಕೆರೆಯಲು ಕೆಳಗಿಳಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅರ್ಧ ಗಾಜು ಕೆರೆದವರು ನಿಂತರು, ಬಾನೆಟ್ಟಿನ ಮೇಲೆ ಕೈಯಿಟ್ಟರು, ಮೆಲ್ಲಗೆ ಹಿಮದ ಮೇಲೇ ಕೂತರು. ನಾನು ಚಪ್ಪಲಿಯಲ್ಲೇ ಓಡಿದೆ. ಆಂಬ್ಯುಲೆನ್ಸ್ ಬರುವವರೆಗೆ ಅವರ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ಬೂದಿಯ ಬಣ್ಣಕ್ಕೆ ತಿರುಗಿದ್ದ ಮುಖದಲ್ಲೂ, "ನಿಮ್ಮ ಕಾಲು ತೊಯ್ದಾವರಿ" ಎಂದರು.

ಆಸ್ಪತ್ರೆಯಲ್ಲಿ ಅವರನ್ನು ಎರಡು ಬಾಗಿಲ ಹಿಂದಕ್ಕೆ ಕರೆದುಕೊಂಡು ಹೋದರು. ಮೇಜಿನ ಹಿಂದಿದ್ದ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ, ನೀವು ಅವರಿಗೆ ಏನಾಗಬೇಕು ಎಂದು ಕೇಳಿದಳು. ನಾನು ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲೇ ಕೆಲಸ ಮಾಡಿದವಳು. ಆ ಪ್ರಶ್ನೆಗೆ ಏನು ಹೇಳಬೇಕೆಂದು ಗೊತ್ತಿರಬೇಕಿತ್ತು. ಬಾಯಿಗೆ ಬಂದದ್ದು "ಫ್ರೆಂಡ್".

"ಮನೆಯವರು ಯಾರಾದರೂ ಇದ್ದಾರಾ?"

"ಮಗ ಇದ್ದಾನೆ. ಸಿಯಾಟಲ್‌ನಲ್ಲಿ."

ಅವಳು ಮಗನ ನಂಬರ್ ಬರೆದುಕೊಂಡು, ನನಗೆ ಆಚೆಯ ಕುರ್ಚಿ ತೋರಿಸಿದಳು. ಅವಳದ್ದೇನೂ ತಪ್ಪಿಲ್ಲ, ನಾನು ಹೇಳಿದ್ದನ್ನೇ ಬರೆದಳು. ಏಳು ಗಂಟೆ ಕಾಲ ನಾನು ಆ ಕುರ್ಚಿಯಲ್ಲಿ ಕೂರಲಾಗದೆ ಲಿಫ್ಟಿನಿಂದ ನೀರಿನ ನಲ್ಲಿಯವರೆಗೆ, ನಲ್ಲಿಯಿಂದ ಲಿಫ್ಟಿನವರೆಗೆ ನಡೆದೆ. ಇವರಿದ್ದದ್ದು ನನ್ನಿಂದ ನಲವತ್ತು ಹೆಜ್ಜೆ ದೂರದಲ್ಲಿ. ಇವರ ಸುದ್ದಿ ಬಂದದ್ದು ಸಿಯಾಟಲ್‌ನಿಂದ. "ಆಂಟಿ, ಡಾಕ್ಟರ್ ಈಗ ಫೋನ್ ಮಾಡಿದ್ರು. ಎರಡು ಸ್ಟೆಂಟ್ ಹಾಕ್ತಿದ್ದಾರಂತೆ." ಮತ್ತೆ ಒಂದೂವರೆ ಗಂಟೆಯ ಮೇಲೆ, "ಆಂಟಿ, ಎಚ್ಚರ ಆಗಿದ್ದಾರಂತೆ. ನಿಮ್ಮನ್ನ ಕೇಳ್ತಿದ್ದಾರಂತೆ. ನಿಮ್ಮನ್ನ ಒಳಗೆ ಬಿಡೋಕೆ ಹೇಳಿದ್ದೀನಿ." ಒಳ್ಳೆಯ ಹುಡುಗ. ಅವನ ಒಳ್ಳೆಯತನದಿಂದ ನಾನು ಒಳಗೆ ಹೋದೆ ಅನ್ನುವುದೇ ನನ್ನನ್ನು ಚುಚ್ಚಿತು.

ಅವತ್ತು ನನ್ನ ಕಾಲಿಗೆ ಹತ್ತಿದ ನಡಿಗೆ ಮನೆಗೆ ಬಂದ ಮೇಲೂ ಬಿಡಲಿಲ್ಲ. ಅನ್ನಕ್ಕಿಟ್ಟು ಬಾಲ್ಕನಿಗೆ ಹೋಗುತ್ತಿದ್ದೆ, ಬಾಲ್ಕನಿಯಿಂದ ಬಂದು ಇವರ ಮಾತ್ರೆಯ ಡಬ್ಬಿ ಎಣಿಸುತ್ತಿದ್ದೆ, ಮತ್ತೆ ಅಡಿಗೆಮನೆಗೆ ಬಂದರೆ ಯಾಕೆ ಬಂದೆ ಅನ್ನುವುದೇ ಮರೆತಿರುತ್ತಿತ್ತು.

ಇವರು ಮನೆಗೆ ಬಂದ ನಾಲ್ಕನೆಯ ದಿನ, ದಿಂಬಿಗೊರಗಿ ಗಂಜಿ ಕುಡಿಯುತ್ತ, "ನೋಡ್ರಿ, ಮದಿವಿ ಮಾಡ್ಕೊಂಡುಬಿಡೂಣು. ಎಲ್ಲಾ ಸರಳ ಆಗ್ತದ" ಎಂದರು.

ಮೊದಲೂ ಒಂದೆರಡು ಸಲ ತಮಾಷೆಗೆಂಬಂತೆ ಹೇಳಿದ್ದರು. ಈ ಸಲ ತಮಾಷೆಯಲ್ಲ.

"ನನ್ನ ಕೈಲಿ ಆಗಲ್ಲ," ಎಂದೆ.

"ಯಾಕ್ರಿ?"

"ಆಗಲ್ಲ, ಅಷ್ಟೇ."

ಅವರು ಚಮಚವನ್ನು ಬಟ್ಟಲಿನಲ್ಲಿಟ್ಟರು. "ನಾ ಒಮ್ಮೆ ಮಾಡಿ ಕೆಡಿಸಿಕೊಂಡೇನಿ. ಇನ್ನೊಮ್ಮೆ ನೆಟ್ಟಗ ಮಾಡಬೇಕಂತ ಆಸೆ ಅದ ನನಗ. ಅದಕ್ಕ ಕೇಳಿದೆ."

ನಾನು ಬಟ್ಟಲು ತೆಗೆದುಕೊಂಡು ಹೋಗಿ ತೊಳೆದೆ. ತೊಳೆದ ಬಟ್ಟಲನ್ನೇ ಮತ್ತೆ ತೊಳೆದೆ. ಕಾರಣ ನನ್ನ ಹತ್ತಿರ ಇತ್ತು. ಹನ್ನೆರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಇವರಿಗೂ ಹೇಳುವುದಾಗಲಿಲ್ಲ.

ಪರಿಚಯದ ವಕೀಲರೊಬ್ಬರು ಒಂದು ಕಾಗದ ಮಾಡಿಸಿಕೊಟ್ಟರು: ಇವರಿಗೆ ಪ್ರಜ್ಞೆ ತಪ್ಪಿದರೆ ಚಿಕಿತ್ಸೆಯ ವಿಷಯದಲ್ಲಿ ನಾನು ತೀರ್ಮಾನ ಹೇಳಬಹುದು ಅಂತ. ಅಲ್ಲಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇವರಿಗೆ ಪ್ರಜ್ಞೆ ತಪ್ಪಿದಾಗ ನಾನು ಯಾರು ಅನ್ನುವುದು ಆ ಕಾಗದದಲ್ಲಿತ್ತು. ಇವರು ಎದುರಿಗೆ ಕೂತು ಪೇಪರ್ ಓದುತ್ತಿರುವಾಗ ನಾನು ಯಾರು? ಆ ವಕೀಲರೇ, ಹೋಗುವಾಗ ಬಾಗಿಲಲ್ಲಿ ನಿಂತು, "ಮದುವೆ ಬೇಡ ಅಂದ್ರೆ ಇನ್ನೊಂದು ದಾರಿ ಇದೆ" ಎಂದು ಈ ನೋಂದಣಿಯ ಸುದ್ದಿ ಹೇಳಿದ್ದು. ಇವರನ್ನು ಒಪ್ಪಿಸಿ, ಮಾರ್ಚಿನಲ್ಲಿ ಇವರು ನಡೆಯುವ ಹಾಗಾದ ಕೂಡಲೇ ಕರೆದುಕೊಂಡು ಹೋದೆ. ವಯಸ್ಸು ಸಾಲದೆ ವಾಪಸ್ಸು ಬಂದೆವು.

ಆಮೇಲಿನ ತಿಂಗಳುಗಳಲ್ಲಿ ನಾನು ಮನುಷ್ಯರ ಹಾಗಿರಲಿಲ್ಲ. ಬೆಳಗ್ಗೆ ಐದೂವರೆಗೆಲ್ಲ ಎದ್ದು ಜೌಗಿನ ಹಾದಿಗೆ ನಡೆಯಲು ಹೋಗುತ್ತಿದ್ದೆ. ಗೋದಾಮುಗಳ ಹಿಂದೆ, ಆಳೆತ್ತರದ ಜೊಂಡಿನ ನಡುವೆ ಅಲ್ಲೊಂದು ಕಾಲುದಾರಿಯಿದೆ. ಒಂದು ಕಡೆ ಟರ್ನ್‌ಪೈಕ್ ಹೆದ್ದಾರಿಯ ಲಾರಿಗಳ ಸದ್ದು, ಇನ್ನೊಂದು ಕಡೆ ಕೆಸರಿನಲ್ಲಿ ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿಗಳು. ಅರ್ಧ ದಾರಿ ಹೋದ ಮೇಲೆ, ಮನೆಯಲ್ಲಿ ಇವರಿಗೆ ಏನಾದರೂ ಆಗಿದ್ದರೆ ಅನ್ನಿಸಿ ಓಡುವ ಹಾಗೆ ವಾಪಸ್ಸು ಬರುತ್ತಿದ್ದೆ. ಬಂದು ನೋಡಿದರೆ ಚಹಾ ಮಾಡಿಕೊಂಡು ಕೂತಿರುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ತಿಳಿಯುತ್ತಿರಲಿಲ್ಲ.

ಅಕ್ಕನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ. ಅವಳು ಕನ್ನಡಕ ಮೇಲೇರಿಸಿಕೊಂಡು, "ಪಾರ್ಟ್‌ನರ್‌ಶಿಪ್ಪೇ? ಏನೇ ಅದು, ಅಂಗಡಿ ಗಿಂಗಡಿ ಇಡ್ತಿದ್ದೀರಾ?" ಎಂದಳು.

"ಅಲ್ಲ ಕಣೇ. ಜೊತೆಗಿದ್ದೀವಿ ಅಂತ ರಿಜಿಸ್ಟರ್ ಮಾಡಿಸೋದು."

"ಹಾಗಂದ್ರೆ ಮದುವೆ ತಾನೇ?"

"ಮದುವೆ ಅಲ್ಲ."

"ಮತ್ತೆ ಏನು ಅಂತ ಹೇಳಲಿ ನಾನು ಇಲ್ಲಿ ಕೇಳಿದೋರಿಗೆ?"

"ಏನೂ ಹೇಳಬೇಡ."

"ಏನೂ ಹೇಳದೆ ಇರೋಕೆ ನಂಗೆ ಯಾವತ್ತಾದ್ರೂ ಬಂದಿದ್ಯಾ?" ಎಂದು ಅವಳೇ ನಕ್ಕಳು. ಫೋನಿಡುವ ಮುಂಚೆ ದನಿ ತಗ್ಗಿಸಿ, "ಚೆನ್ನಾಗಿ ನೋಡ್ಕೋತಾರೇನೇ?" ಎಂದು ಕೇಳಿದಳು. ಹೂಂ ಅಂದೆ. "ಹಾಗಾದ್ರೆ ಏನಾದ್ರೂ ಮಾಡ್ಕೋ," ಎಂದಳು.

ಮಗಳ ಹತ್ತಿರ ಇಷ್ಟು ಸುಲಭವಾಗಲಿಲ್ಲ. ಅವಳಿಗೆ ಮೂವತ್ತೊಂದು, ಇಲ್ಲೇ ಹುಟ್ಟಿ ಬೆಳೆದವಳು, ಗಂಡನ ಜೊತೆ ನ್ಯೂಯಾರ್ಕಿನ ಆಚೆ ಹಿಕ್ಸ್‌ವಿಲ್‌ನಲ್ಲಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಮೂವತ್ತು ವರ್ಷದಿಂದ ನಮ್ಮ ಮಾತು ನಡೆಯುವುದೇ ಹಾಗೆ. ಮೇ ತಿಂಗಳ ಒಂದು ಭಾನುವಾರ ಊಟಕ್ಕೆ ಬಂದವಳು, ಪಾತ್ರೆ ಒರೆಸುತ್ತ ಕೇಳಿಯೇಬಿಟ್ಟಳು. ಅಮ್ಮಾ, ಅಂಕಲ್ ಜೊತೆ ಇರೋದಕ್ಕೆ ನಿನಗೆ ಅಡ್ಡಿಯಿಲ್ಲ, ಮದುವೆಯಾಗೋದಕ್ಕೆ ಮಾತ್ರ ಅಡ್ಡಿಯಾ? ಅವರು ಅಷ್ಟಕ್ಕೆ ಮಾತ್ರ ಬೇಕಾ ನಿನಗೆ?

"ಹಾಗಲ್ಲ ಪುಟ್ಟಾ."

ಅಪ್ಪನಿಗೋಸ್ಕರಾನಾ ಎಂದು ಕೇಳಿದಳು. ಅವಳ ಕಣ್ಣು ತುಂಬಿತ್ತು. ಅಪ್ಪನನ್ನ ಅಷ್ಟು ಚೆನ್ನಾಗಿ ನೋಡಿಕೊಂಡೆ ನೀನು, ಐದು ವರ್ಷ. ಆ ಜಾಗ ಇನ್ನೊಬ್ಬರಿಗೆ ಕೊಡೋಕೆ ಆಗ್ತಿಲ್ಲ ಅಂದ್ರೆ ನನಗೆ ಅರ್ಥ ಆಗುತ್ತೆ.

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳು ನನ್ನ ಮೌನವನ್ನು ಹೂಂ ಎಂದೇ ತಿಳಿದು ಬಂದು ಅಪ್ಪಿಕೊಂಡಳು. ಹಾಲ್‌ನಲ್ಲಿ ಕೂತಿದ್ದ ಇವರಿಗೆ ಎಲ್ಲವೂ ಕೇಳಿಸಿತ್ತು.

ಜೂನ್ ಕೊನೆಯಲ್ಲಿ ಇವರು, "ಮಗಾ ಕರ್ಯಾಕತ್ತಾನ. ಒಂದು ತಿಂಗಳು ಇದ್ದು ಬರ್ತೀನಿ" ಎಂದರು. ಟಿಕೆಟ್ ಆಗಲೇ ತೆಗೆದಿದ್ದರು.

"ನನ್ನ ಮೇಲೆ ಸಿಟ್ಟಾ?"

"ಸಿಟ್ಟಿಲ್ರಿ." ಅಂಗಿಗಳನ್ನು ಮಡಚುತ್ತಿದ್ದವರು ನಿಲ್ಲಿಸಿದರು. "ಆದ್ರ ನೀವು ನನ್ನ ನೋಡೂದು ನೋಡಿದ್ರ, ಇನ್ನ ಎಷ್ಟು ದಿನ ಉಳದಾನ ಇವ ಅಂತ ಎಣಿಸಿಧಂಗ ಅನಸ್ತದ. ಅಕ್ಟೋಬರ್ ತನಕಾ ಜೀವ ಹಿಡಕೊಂಡಿರು ಅಂತ ನನಗ ಹೇಳಿಧಂಗ. ಮದಿವಿ ಬ್ಯಾಡ, ಇರಲಿ. ಯಾಕ ಬ್ಯಾಡ ಅಂತರೆ ಹೇಳ್ರಿ. ಅದೂ ಇಲ್ಲ. ಎಷ್ಟಂತ ಸುಮ್ಮನ ಕೂಡಲಿ?"

ನ್ಯೂಅರ್ಕ್ ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡಿಕೊಂಡು ಹೋಗಿ ಬಿಟ್ಟು ಬಂದೆ. ಇಬ್ಬರೂ ದಾರಿಯುದ್ದಕ್ಕೂ ಟ್ರಾಫಿಕ್ಕಿನ ಬಗ್ಗೆ ಮಾತಾಡಿದೆವು.

ಮನೆ ಖಾಲಿಯಾದ ಮೇಲೆ ಕಾಲಿಗೆ ತಡೆಯೇ ಇಲ್ಲದಂತಾಯಿತು. ಕೆಲಸ ಮುಗಿದ ಮೇಲೆ ನೇರ ಮನೆಗೆ ಬರುತ್ತಿರಲಿಲ್ಲ. ಒಂದು ಗುರುವಾರ ಮಧ್ಯಾಹ್ನ ಮನೆಯ ಕಡೆಯ ರೈಲಿಗೆಂದು ಪೆನ್ ಸ್ಟೇಷನ್ನಿಗೆ ಹೊರಟವಳು ಅಲ್ಲಿಗೆ ಹೋಗದೆ ಕ್ವೀನ್ಸ್ ಕಡೆಯ ಸಬ್‌ವೇ ಹತ್ತಿ ಜ್ಯಾಕ್ಸನ್ ಹೈಟ್ಸ್‌ನಲ್ಲಿ ಇಳಿದೆ. ಕರಿಬೇವು ತರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಕರಿಬೇವಿಗಾಗಿ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಎಪ್ಪತ್ತನಾಲ್ಕನೆಯ ಬೀದಿಯಲ್ಲಿ ಸೀರೆ ಅಂಗಡಿಗಳ ಸಾಲು ದಾಟಿ, ಒಂದು ಕಟ್ಟಡದ ಎದುರಿನ ಪಾದಚಾರಿ ದಾರಿಯಲ್ಲಿ ನಿಂತು ಎರಡನೆಯ ಮಹಡಿಯ ಕಿಟಕಿ ನೋಡಿದೆ. ಅಲ್ಲಿ ಈಗ ಹುಬ್ಬು ತೀಡುವ ಪಾರ್ಲರ್ ಬಂದಿತ್ತು. ಗುಲಾಬಿ ದೀಪದ ಬೋರ್ಡು ಹಗಲಲ್ಲೂ ಉರಿಯುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಆ ಕೋಣೆಯನ್ನು ನಾನು ಗೊತ್ತುಮಾಡಿದ್ದೆ. ಗಂಡನನ್ನು ಬಿಟ್ಟು ಬಂದು ಅಲ್ಲಿರಲು.

ನನ್ನ ಗಂಡ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮನೆಯಲ್ಲಿ ನಾನು ಇದ್ದೇನೆ ಅನ್ನುವುದು ಅವರ ಗಮನಕ್ಕೆ ಬರುತ್ತಿದ್ದದ್ದು ಏನಾದರೂ ತಪ್ಪಾದಾಗ ಮಾತ್ರ. ಸಾರಿಗೆ ಉಪ್ಪು ಹೆಚ್ಚಾದಾಗ, ಕರೆಂಟ್ ಬಿಲ್ಲು ಮರೆತಾಗ. ಇಪ್ಪತ್ತಾರು ವರ್ಷ ಹಾಗೆ ಕಳೆದಿತ್ತು. ಮಗಳು ಕಾಲೇಜಿಗೆಂದು ಹಾಸ್ಟೆಲ್ ಸೇರಿದ ವರ್ಷ, ಇನ್ನು ಸಾಕು ಅನ್ನಿಸಿತು. ಜಗಳವಾಡಿ ಅಲ್ಲ, ಅಳುತ್ತ ಅಲ್ಲ. ಲೈಬ್ರರಿಗೆ ಪುಸ್ತಕ ವಾಪಸ್ಸು ಕೊಡಲು ಹೋದವಳು ಹಾಗೇ ಕೋಣೆ ಹುಡುಕಲು ಶುರುಮಾಡಿದೆ. ಕೀಲಿಕೈ ಕೈಗೆ ಬಂತು. ಎರಡು ಸೀರೆ, ನಾಲ್ಕು ಪ್ಯಾಂಟು, ಒಂದು ಕುಕ್ಕರ್ ಅಲ್ಲಿ ಇಟ್ಟು ಬಂದೆ. ಮುಂದಿನ ಶನಿವಾರ ಹೇಳಿಬಿಡಬೇಕು ಅಂದುಕೊಂಡಿದ್ದೆ. ಬುಧವಾರ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು.

ಆಸ್ಪತ್ರೆಯಲ್ಲಿ ಕೇಳಿದಾಗ 'ಹೆಂಡತಿ' ಎಂದು ಬರೆದೆ. ಅವತ್ತಿನಿಂದ ಐದು ವರ್ಷ ಎಷ್ಟು ಫಾರ್ಮುಗಳಲ್ಲಿ ಬರೆದೆನೋ. ಪ್ರತಿ ಸಲ ಬರೆಯುವಾಗಲೂ ಆ ಕೋಣೆ ನೆನಪಾಗುತ್ತಿತ್ತು. ನಾಲ್ಕನೆಯ ತಿಂಗಳಿಗೆ ಹೋಗಿ ಕುಕ್ಕರ್ ವಾಪಸ್ಸು ತಂದು ಕೀಲಿಕೈ ಕೊಟ್ಟು ಬಂದೆ. ಸ್ನಾನ ಮಾಡಿಸಿದೆ, ತುತ್ತು ಕೊಟ್ಟೆ, ವ್ಯಾಯಾಮ ಮಾಡಿಸಿದೆ. ಬಂದವರೆಲ್ಲ ನನ್ನನ್ನು ಸಾವಿತ್ರಿ ಎಂದರು. ಮಗಳೂ ಹಾಗೇ ನಂಬಿದಳು. ಪ್ರೀತಿಯಿಂದ ಮಾಡಿದೆನೋ, ಆ ಒಂದು ಪದಕ್ಕೆ ಕಟ್ಟುಬಿದ್ದು ಮಾಡಿದೆನೋ, ಇವತ್ತಿಗೂ ನನಗೆ ತಿಳಿಯದು. ಆ ಪದವನ್ನು ಇನ್ನೊಂದು ಸಲ ಬರೆಯಲು ಕೈ ಏಳುತ್ತಿರಲಿಲ್ಲ. ಬರೆದರೆ ಇವರನ್ನೂ ನಾನು ಕರ್ತವ್ಯ ಅಂತ ನೋಡಿಕೊಳ್ಳಲು ಶುರುಮಾಡುತ್ತೇನೆ ಅನ್ನುವ ಹೆದರಿಕೆ.

ಆ ಬೀದಿಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಸೀರೆ ಅಂಗಡಿಯವನು ಹೊರಗೆ ಬಂದು, "ಆಂಟಿ, ಮಗಳ ಮದುವೆಗಾ? ಒಳಗೆ ಬನ್ನಿ, ಹೊಸಾ ಸ್ಟಾಕ್ ಬಂದಿದೆ" ಎಂದು ಹಿಂದಿಯಲ್ಲಿ ಕರೆದ. ಅಲ್ಲಪ್ಪ ಎಂದೆ. ಸಬ್‌ವೇ ಮೆಟ್ಟಿಲ ಹತ್ತಿರ ಬಂದು ಇವರಿಗೆ ಫೋನ್ ಮಾಡಿದೆ. ತಲೆಯ ಮೇಲಿನ ಸೇತುವೆಯಲ್ಲಿ ಏಳನೆಯ ನಂಬರಿನ ರೈಲು ಧಡಧಡ ಹೋಗುತ್ತಿತ್ತು.

"ಎಲ್ಲಿದ್ದೀರಿ? ಏನದು ಸದ್ದು?" ಎಂದರು.

"ನಿಮಗೊಂದು ಹೇಳಬೇಕು. ಮಧ್ಯೆ ಮಾತಾಡಬೇಡಿ."

ನಿಂತಲ್ಲಿ ನಿಲ್ಲಲಾರದೆ ಆ ಕಂಬದಿಂದ ಈ ಕಂಬಕ್ಕೆ ನಡೆಯುತ್ತ ಎಲ್ಲ ಹೇಳಿದೆ. ರೈಲು ಬಂದಾಗ ನಿಲ್ಲಿಸಿ, ಹೋದ ಮೇಲೆ ಮುಂದುವರಿಸುತ್ತಿದ್ದೆ. ಹೇಳಿ ಮುಗಿಸಿದ ಮೇಲೆ, ಕಾಲ್ ಕಟ್ಟಾಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ.

"ಅದೀನಿ, ಅದೀನಿ," ಎಂದರು ಇವರು. ಆಮೇಲೆ, "ಆ ಖೋಲ್ಯಾಗ ಬಿಸಲು ಬರ್ತಿತ್ತೇನ್ರಿ?" ಎಂದು ಕೇಳಿದರು.

ಅಂಥ ಪ್ರಶ್ನೆ ಕೇಳುತ್ತಾರೆ ಅಂತ ನಾನು ಎಣಿಸಿರಲಿಲ್ಲ. "ಬರ್ತಿತ್ತು. ಮಧ್ಯಾಹ್ನದ ಮೇಲೆ," ಎಂದೆ. ಹೇಳುತ್ತಿದ್ದಂತೆ ಅಳು ಬಂತು. ಬೀದಿಯ ಮಧ್ಯದಲ್ಲಿ, ಮಾವಿನಹಣ್ಣಿನ ಡಬ್ಬಗಳ ಪಕ್ಕ ನಿಂತು ಅತ್ತೆ. ಯಾರೂ ತಿರುಗಿ ನೋಡಲಿಲ್ಲ.

"ಮೊದಲ ಹೇಳಬಾರದೇನ್ರಿ? ನಿಮಗ ನಾನ ಬ್ಯಾಡಾಗೇನಿ ಅನ್ಕೊಂಡಿದ್ದೆ," ಎಂದರು. "ಈಗ ಮನಿಗೆ ಹೋಗ್ರಿ. ಹೋಗಿ ಫೋನ್ ಮಾಡ್ರಿ. ನಾ ಟಿಕೆಟ್ ಬದಲಿ ಮಾಡಸ್ತೀನಿ."

ಹೇಳಿದ್ದಕ್ಕಿಂತ ಹನ್ನೊಂದು ದಿನ ಮುಂಚೆಯೇ ಬಂದರು. ಬಂದವರು ಮದುವೆಯ ಮಾತನ್ನು ಮತ್ತೆ ಎತ್ತಲಿಲ್ಲ. ಅವರಿಗೆ ಆಸೆ ಹೋಯಿತು ಅಂತ ನಾನು ಹೇಳುವುದಿಲ್ಲ. ಆಗಸ್ಟ್‌ನಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಗೆ ಹೋಗಿದ್ದಾಗ, ಧಾರೆಯ ಹೊತ್ತಿಗೆ ಅವರು ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ನೋಡಿದೆ. ನನಗಾಗಿ ಒಂದನ್ನು ಬಿಟ್ಟುಕೊಟ್ಟಿದ್ದಾರೆ ಅನ್ನುವುದು ಗೊತ್ತಿದೆ. ಅದು ನನ್ನನ್ನು ಪೂರ್ತಿ ನೆಮ್ಮದಿಯಾಗಿರಲು ಬಿಡುವುದಿಲ್ಲ.

ಅಕ್ಟೋಬರ್‌ನಲ್ಲಿ ನನಗೆ ಅರವತ್ತೆರಡು ತುಂಬಿದ್ದು ಶನಿವಾರ. ಸೋಮವಾರ ಬೆಳಗ್ಗೆ ಕಚೇರಿ ತೆರೆಯುವ ಮುಂಚೆಯೇ ಬಾಗಿಲಲ್ಲಿದ್ದೆವು. ಇವರು ಟೈ ಕಟ್ಟಿದ್ದರು. ನಾನು ಬೇಕೆಂದೇ ಪ್ಯಾಂಟು ಸ್ವೆಟರ್ ಹಾಕಿಕೊಂಡಿದ್ದೆ. ಅದೇ ಹೆಂಗಸು, ಅದೇ ಕಿಟಕಿ. ಗುರುತು ಹಿಡಿದು, "ದೊಡ್ಡವರಾದಿರಿ!" ಎಂದಳು. ನೋಟರಿಯ ಮುಂದೆ ಸಹಿ ಮಾಡಿಸಿದ್ದ ಪ್ರಮಾಣಪತ್ರ, ಒಂದೇ ಮನೆಯಲ್ಲಿ ಇದ್ದೇವೆ ಅನ್ನುವುದಕ್ಕೆ ಇಬ್ಬರ ಹೆಸರೂ ಇರುವ ಬಾಡಿಗೆ ಕರಾರು, ಇವರ ಪಾಸ್‌ಪೋರ್ಟು, ಎಲ್ಲವನ್ನೂ ಹರಡಿದೆ. ಅವಳು ಓದುತ್ತ ಹೋದವಳು ಒಂದು ಕಡೆ ಬೆರಳಿಟ್ಟು ನಿಂತಳು.

"ಇವರಿಬ್ಬರೂ ಒಬ್ಬರೇನಾ?"

ಪಾಸ್‌ಪೋರ್ಟಿನಲ್ಲಿ ಇವರ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಆ ಕ್ರಮದಲ್ಲಿದ್ದವು. ಅಪಾರ್ಟ್‌ಮೆಂಟಿನ ಆಫೀಸಿನವರು ತಂದೆಯ ಹೆಸರನ್ನು ಮುಂದೆ ಹಾಕಿ, ಇವರ ಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸಿದ್ದರು. ಆ ಕಾಗದದ ಪ್ರಕಾರ ನನ್ನ ಜೊತೆ ಬದುಕುತ್ತಿದ್ದದ್ದು ಇಪ್ಪತ್ತೆಂಟು ವರ್ಷದ ಹಿಂದೆ ಧಾರವಾಡದಲ್ಲಿ ತೀರಿಕೊಂಡ ಇವರ ತಂದೆ.

"ನಮ್ಮಪ್ಪಗ ನೀವು ಭಾಳ ಸೇರ್ತಿದ್ರಿ ಬಿಡ್ರಿ," ಎಂದು ಇವರು ಕನ್ನಡದಲ್ಲಿ ಗೊಣಗಿದರು.

ಪಕ್ಕದ ಕಿಟಕಿಯಲ್ಲಿ ಒಬ್ಬ ಮುದುಕ ನಾಯಿಗೆ ಲೈಸೆನ್ಸ್ ಮಾಡಿಸಲು ಬಂದಿದ್ದ. ಅವನ ಕೆಲಸ ಎರಡು ನಿಮಿಷಕ್ಕೆ ಮುಗಿಯಿತು. ನಾವು ಕಾಗದಗಳನ್ನು ಬಾಚಿಕೊಂಡು ಹೊರಗೆ ಬಂದೆವು. ಅವತ್ತು ಮಧ್ಯಾಹ್ನ ಅಪಾರ್ಟ್‌ಮೆಂಟಿನ ಆಫೀಸಿನಲ್ಲಿ, ಕರಾರು ತಿದ್ದಿಕೊಡಲು ಮೂರು ದಿನ ಬೇಕು ಎಂದರು. ಏಳು ತಿಂಗಳು ಕಾದವಳಿಗೆ ಆ ಮೂರು ದಿನ ಕಾಯುವುದು ಆಗದೆ ನಾನು ದನಿಯೆತ್ತಿ ಮಾತಾಡಿದೆ. ಅಲ್ಲಿದ್ದವನು ಪಾಪ ಹೆದರಿದ. ಹೊರಗೆ ಬಂದ ಮೇಲೆ ಇವರು, "ಸಮಾಧಾನ ಮಾಡ್ಕೋರಿ. ನಾ ಎಲ್ಲೂ ಹೋಗಂಗಿಲ್ಲ" ಎಂದರು.

ಗುರುವಾರ ತಿದ್ದಿದ ಕರಾರು ಹಿಡಿದು ಮತ್ತೆ ಹೋದೆವು. ಈ ಸಲ ಅವಳು ಸರಿಯೆಂದು ತಲೆಯಾಡಿಸಿದಳು. ಪ್ರಮಾಣಪತ್ರದಲ್ಲಿ ಒಂದು ಸಾಲಿತ್ತು. ಕನ್ನಡದಲ್ಲಿ ಹೇಳುವುದಾದರೆ, ಒಬ್ಬರ ಯೋಗಕ್ಷೇಮಕ್ಕೆ ಇನ್ನೊಬ್ಬರು ಹೊಣೆ ಅನ್ನುವ ಅರ್ಥದ್ದು. ನೋಟರಿಯ ಮುಂದೆ ಓದದೆ ಸಹಿ ಹಾಕಿದ್ದೆ. ಆಗ, ಆ ಕಿಟಕಿಯ ಮುಂದೆ ನಿಂತು, ಓದಿದೆ. ಗಂಡ, ಹೆಂಡತಿ, ಯಾವುದೂ ಇರಲಿಲ್ಲ. ಇಬ್ಬರ ಹೆಸರು, ವಿಳಾಸ, ಆ ಸಾಲು. ಸೀಲು ಒತ್ತಿದಳು. ಕಂಗ್ರಾಜುಲೇಷನ್ಸ್ ಎಂದಳು. ಆಮೇಲೆ ಏನು ಮಾಡಬೇಕೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಇವರು ನನ್ನ ಕೈ ಕುಲುಕಿದರು. ಹೊರಗೆ ಬಂದು ಎದುರಿನ ಡೈನರ್‌ನಲ್ಲಿ ಒಂದು ಪ್ಲೇಟು ಪ್ಯಾನ್‌ಕೇಕ್ ಹಂಚಿಕೊಂಡು ತಿಂದೆವು.

ಆ ಭಾನುವಾರ ಮಗಳು ಹೂವು ತೆಗೆದುಕೊಂಡು ಒಬ್ಬಳೇ ಬಂದಳು. ಊಟವಾದ ಮೇಲೆ ಅವಳನ್ನು ಸ್ಟೇಷನ್ನಿಗೆ ಬಿಡಲು ಹೋದೆ. ಕಾರಿನಲ್ಲಿ ಅವಳು, ಈಗ ಖುಷಿಯಾಗಿ ಕಾಣ್ತೀಯ ಅಮ್ಮಾ, ಅಪ್ಪ ಇದ್ದಿದ್ರೂ ಸಂತೋಷಪಡ್ತಿದ್ದರು ಎಂದಳು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಒಮ್ಮೆ ಬಾಯಿಬಿಟ್ಟವಳಿಗೆ ಸುಮ್ಮನಿರುವುದು ಮೊದಲಿನಷ್ಟು ಸಲೀಸಾಗಿರಲಿಲ್ಲ.

"ಮುಂದಿನ ರೈಲಿಗೆ ಹೋಗ್ತೀಯಾ?" ಎಂದು ಕೇಳಿ, ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಅವಳಿಗೂ ಹೇಳಿದೆ.

ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ, "ಅಪ್ಪನಿಗೆ ಗೊತ್ತಿತ್ತಾ?" ಎಂದಳು.

"ಇಲ್ಲ."

"ಸರಿ," ಎಂದು ಬಾಗಿಲು ತೆರೆದು ಹೋದಳು. ಮೂರು ವಾರ ಫೋನ್ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಆ ಮೂರು ವಾರ ಲ್ಯಾಬಿನಲ್ಲೂ ನನಗೆ ಕೂತು ಕೆಲಸ ಮಾಡಲಾಗಲಿಲ್ಲ, ನಿಂತೇ ಮಾಡಿದೆ. ಇವರು ದಿನವೂ, "ಬರ್ತಾಳ್ರಿ. ಅಕಿಗೆ ಅವರಪ್ಪನ್ನ ಮತ್ತೊಮ್ಮೆ ಮೊದಲಿಂದ ನೆನಸಬೇಕಾಗ್ಯದ. ಅದಕ್ಕ ದಿನ ಹಿಡೀತಾವ" ಎನ್ನುತ್ತಿದ್ದರು.

ನಾಲ್ಕನೆಯ ವಾರದ ಬುಧವಾರ, ನಾನು ರೈಲಿನಲ್ಲಿದ್ದಾಗ ಅವಳಿಂದ ಮೆಸೇಜು ಬಂತು. ಬಿಸಿಬೇಳೆಬಾತಿಗೆ ಮರಾಠಿ ಮೊಗ್ಗು ಎಷ್ಟು ಹಾಕಬೇಕು ಎಂದು ಕೇಳಿದ್ದಳು. ಅವಳ ಗಂಡನಿಗೆ ಅದು ಸೇರುವುದಿಲ್ಲ, ಅವಳಿಗೆ ಅಡಿಗೆಯ ಉಸಾಬರಿಯೇ ಬೇಡ. ಎರಡು ಸಾಕು ಅಂತ ಬರೆದು ಕಳಿಸಿ, ನಿಂತೇ ಇದ್ದವಳು ಖಾಲಿ ಸೀಟು ನೋಡಿ ಕೂತೆ.